ಗಿಟಾರ್ ಹಿಡಿದ ಹುಡುಗಿಯರು

ರಾಕ್ ಸಂಗೀತವೆಂದರೆ ಗಂಡುಹುಡುಗರ ಆಟ ಎಂಬ ಮಾತಿಗೆ ಅಮೆರಿಕದ ಪೋರ್ಟ್‌ಲ್ಯಾಂಡ್ 2001ರಲ್ಲೇ ಉತ್ತರ ಕೊಟ್ಟಿತು. ಅಲ್ಲಿ ಹುಡುಗಿಯರಿಗೆಂದೇ ರಾಕ್ ಸಂಗೀತದ ಬೇಸಿಗೆ ಶಿಬಿರ ಶುರುವಾಯಿತು. ಅದೇ ಜಾಡಿನಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಲಾಭರಹಿತ ಸಂಸ್ಥೆ ವಿಲ್ಲಿ ಮೇ ರಾಕ್ ಕ್ಯಾಂಪ್. ಡ್ರಮ್ ಕೋಲು ಮುಟ್ಟಿಯೇ ಇರದ ಹುಡುಗಿಯರೂ ಇಲ್ಲಿ ಬ್ಯಾಂಡ್ ಕಟ್ಟಿ, ಸ್ವಂತ ಹಾಡು ಬರೆದು, ಕೊನೆಗೆ ವೇದಿಕೆ ಏರುತ್ತಾರೆ.

ವಿಲ್ಲಿ ಮೇ ಎಂಬ ಆ ಹೆಸರಿನ ಹಿಂದೆ ಒಂದು ಅನ್ಯಾಯದ ನೆನಪಿದೆ.

ಕಪ್ಪು ಗಾಯಕಿ ವಿಲ್ಲಿ ಮೇ ‘ಬಿಗ್ ಮಾಮಾ’ ಥಾರ್ನ್‌ಟನ್ 1952ರಲ್ಲಿ ‘ಹೌಂಡ್ ಡಾಗ್’ ಹಾಡಿ ಧ್ವನಿಮುದ್ರಿಸಿದರು. ಹಾಡು ಗೆದ್ದಿತು, ಅವರ ಕೈಗೆ ಬಂದ ಹಣ ಮಾತ್ರ ಅತ್ಯಲ್ಪ. 1956ರಲ್ಲಿ ಬಿಳಿಯ ಗಾಯಕ ಎಲ್ವಿಸ್ ಪ್ರೀಸ್ಲಿ ಹಾಡಿದ ಮೇಲೆ ಜಗತ್ತು ಅದನ್ನು ಎಲ್ವಿಸ್‌ನ ಹಾಡೆಂದೇ ನಂಬಿತು. ಮೂಲ ಗಾಯಕಿಯ ಹೆಸರನ್ನು ಹುಡುಗಿಯರ ಬಾಯಿಗೆ ಮರಳಿಸಿದ್ದೇ ಈ ಶಿಬಿರದ ದೊಡ್ಡ ಪಾಠ. ಮಕ್ಕಳ ಶಿಬಿರ ನಡೆಸುವ ಪ್ರತಿಯೊಬ್ಬರೂ ಇದನ್ನು ಗಮನಿಸಬೇಕು.