ಧ್ರುವ ನಕ್ಷತ್ರ ಪಕ್ಕದ ಮನೆ ಹಿಂದೆ ಇದ್ರೆ? ಟೆರೇಸ್ ಮೇಲೆ ಟೆಲಿಸ್ಕೋಪ್ ಕೂರಿಸೋ ಲೆಕ್ಕ

(ಈ ವಾರದ ಎಪಿಸೋಡ್‌ನ ಬರಹ ರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಚಿಕ್ಕದು ಮಾಡಿದೆ.)

ಈ ವಾರ ಒಂದೇ ಪ್ರಶ್ನೆಗೆ ಇಡೀ ಎಪಿಸೋಡ್. ದಾವಣಗೆರೆಯಿಂದ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದಾರೆ. ಟೆರೇಸ್ ಮೇಲೆ, ಮೇಲಿನ ಶೀಟ್ ಪಕ್ಕಕ್ಕೆ ಸರಿಯೋ ತರದ ಪುಟ್ಟ ರೂಮ್ ಕಟ್ಟಿಸ್ತಿದಾರೆ. ಎರಡು ವರ್ಷ ಕೂಡಿಟ್ಟ ದುಡ್ಡಲ್ಲಿ ಟೆಲಿಸ್ಕೋಪು, ಈಕ್ವಟೋರಿಯಲ್ ಮೌಂಟು ತಗೊಂಡಿದಾರೆ. ಬರೋ ಗುರುವಾರ ಮೇಸ್ತ್ರಿ ಬಂದು ಕಾಂಕ್ರೀಟ್ ಕಂಬ ಹಾಕ್ತಾರಂತೆ. "ಬ್ರೋ, ಮೌಂಟ್ ಧ್ರುವ ನಕ್ಷತ್ರಕ್ಕೆ ಗುರಿ ಇಡ್ಬೇಕು ಅಂತಾರೆ. ಉತ್ತರದ ಪಕ್ಕದ ಸೈಟಲ್ಲಿ ಇನ್ನೊಂದು ಫ್ಲೋರ್ ಎದ್ದುಬಿಟ್ಟಿದೆ. ನನಗೆ ಧ್ರುವ ನಕ್ಷತ್ರನೇ ಕಾಣಲ್ಲ. ದುಡ್ಡು ನೀರಲ್ಲಿ ಹೋಯ್ತಾ?"

ಇಲ್ಲ, ಹೋಗಿಲ್ಲ. ಆದ್ರೆ ಗುರುವಾರದೊಳಗೆ ಕೆಲವು ವಿಷಯ ತಿಳ್ಕೊಳ್ಳೋದು ಒಳ್ಳೇದು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಅದು ಯಾರ ಮಾತೂ ಕೇಳಲ್ಲ.

ಮೊದಲು, ಯಾಕೆ ಈ ಗುರಿ ಇಡೋ ತಲೆನೋವು? ಭೂಮಿ ತಿರುಗೋದ್ರಿಂದ ಆಕಾಶ ಗಂಟೆಗೆ ಸುಮಾರು 15 ಡಿಗ್ರಿ ಪಶ್ಚಿಮಕ್ಕೆ ಸರಿದ ಹಾಗೆ ಕಾಣತ್ತೆ. ನಕ್ಷತ್ರಗಳ ಲೆಕ್ಕದಲ್ಲಿ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4 ಸೆಕೆಂಡ್. ಈಕ್ವಟೋರಿಯಲ್ ಮೌಂಟ್‌ನ ಒಂದು ಅಕ್ಷವನ್ನ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಿಸಿದ್ರೆ, ಒಂದೇ ಮೋಟರ್ ಅದೇ ವೇಗದಲ್ಲಿ ತಿರುಗ್ತಾ ನಕ್ಷತ್ರದ ಹಿಂದೆನೇ ಹೋಗತ್ತೆ. ಗುರಿ ಒಂದು ಡಿಗ್ರಿ ತಪ್ಪಿದ್ರೆ? ನಕ್ಷತ್ರ ನಿಮಿಷಕ್ಕೆ ಹೆಚ್ಚಂದ್ರೆ 15 ಚಿಲ್ಲರೆ ಆರ್ಕ್‌ಸೆಕೆಂಡ್ ಜಾರತ್ತೆ. ಆರ್ಕ್‌ಸೆಕೆಂಡ್ ಅಂದ್ರೆ ಒಂದು ಡಿಗ್ರಿಯ 3600ನೇ ಒಂದು ಭಾಗ. ಕೇಳೋಕೆ ಏನೂ ಅಲ್ಲ ಅನ್ಸತ್ತೆ. ಆದ್ರೆ ಗುರು ಗ್ರಹದ ಬಿಂಬದ ಅಗಲವೇ ಸುಮಾರು 40 ಆರ್ಕ್‌ಸೆಕೆಂಡ್. ಅಂದ್ರೆ ಮೂರು ನಿಮಿಷದಲ್ಲಿ ಗುರು ತನ್ನಷ್ಟೇ ದೂರ ಪಕ್ಕಕ್ಕೆ ಹೋಗಿರತ್ತೆ. ಕಣ್ಣಲ್ಲಿ ನೋಡೋರಿಗೆ ಇದು ತೊಂದರೆನೇ ಅಲ್ಲ. ಐದು ನಿಮಿಷದ ಫೋಟೋ ತೆಗೆಯೋರಿಗೆ ನಕ್ಷತ್ರಗಳೆಲ್ಲ ಶಾವಿಗೆ ಎಳೆ ಆಗಿ ಬರತ್ತೆ. (ಡಾಬ್ಸೋನಿಯನ್ ಇಟ್ಕೊಂಡಿರೋರು ಇಲ್ಲಿಗೇ ಪಾಸ್ ಮಾಡಿ ಹೋಗಬಹುದು. ನಿಮಗೆ ಈ ಕಷ್ಟ ಇಲ್ಲ.)

ಈಗ ನಮ್ಮ ಊರಿನ ಸಮಸ್ಯೆ. ಧ್ರುವ ದಿಗಂತದಿಂದ ಎಷ್ಟು ಡಿಗ್ರಿ ಮೇಲಿರತ್ತೆ ಅಂದ್ರೆ, ನಿಮ್ಮ ಊರಿನ ಅಕ್ಷಾಂಶ ಎಷ್ಟೋ ಅಷ್ಟು. ಬೆಂಗಳೂರಲ್ಲಿ 13, ದಾವಣಗೆರೆಯಲ್ಲಿ ಹದಿನಾಲ್ಕೂವರೆ, ಕಲಬುರಗಿಯಲ್ಲಿ 17 ಚಿಲ್ಲರೆ. ಲಂಡನ್‌ನಲ್ಲಿ ಕೂತು ವಿಡಿಯೋ ಮಾಡೋರಿಗೆ ಅದು 51 ಡಿಗ್ರಿ ಮೇಲೆ. ಯೂಟ್ಯೂಬಲ್ಲಿ "ಧ್ರುವ ನಕ್ಷತ್ರ ನೋಡಿ, ಮಧ್ಯಕ್ಕೆ ತನ್ನಿ, ಮುಗೀತು" ಅಂತ ಅವರು ಸುಲಭವಾಗಿ ಹೇಳೋದು ಇದಕ್ಕೇ. ನಮಗೆ ಅದು ತೆಂಗಿನ ಮರ, ನೀರಿನ ಟ್ಯಾಂಕ್, ಧೂಳು ಇರೋ ಎತ್ತರದಲ್ಲಿದೆ. ಲೆಕ್ಕ ಹಾಕಿ ನೋಡಿ: ಒಂದು 30-40 ಸೈಟಿನ ಉದ್ದ 40 ಅಡಿ. ದಾವಣಗೆರೆಯಲ್ಲಿ 40 ಅಡಿ ದೂರದ ಗೋಡೆ ನಿಮ್ಮ ಕಣ್ಣಿನ ಮಟ್ಟಕ್ಕಿಂತ ಹತ್ತಡಿ ಚಿಲ್ಲರೆ ಎದ್ದರೆ ಸಾಕು, ಧ್ರುವ ಮಾಯ. ಹತ್ತಡಿ ಅಂದ್ರೆ ಒಂದು ಫ್ಲೋರು. ಮದುವೆಯಲ್ಲಿ ಮಟಮಟ ಮಧ್ಯಾಹ್ನ ಪುರೋಹಿತರು ಧ್ರುವ, ಅರುಂಧತಿ ತೋರಿಸ್ತಾರೆ, ಮದುಮಕ್ಕಳು "ಕಂಡ್ತು" ಅಂತ ತಲೆ ಆಡಿಸ್ತಾರೆ. ಮೌಂಟ್ ಹಾಗೆ ತಲೆ ಆಡಿಸಲ್ಲ.

ಇನ್ನೊಂದು ಮಾತು. ಧ್ರುವ ನಕ್ಷತ್ರ ಕಂಡರೂ ಅದು ನಿಖರವಾಗಿ ಧ್ರುವದಲ್ಲಿಲ್ಲ. ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಆಚೆ ಇದೆ, ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಕೊಂಚ ಹೆಚ್ಚು. ಅದೂ ದಿನಕ್ಕೊಮ್ಮೆ ಆ ಬಿಂದುವಿನ ಸುತ್ತ ಒಂದು ಚಿಕ್ಕ ಪ್ರದಕ್ಷಿಣೆ ಹಾಕತ್ತೆ. ಹಾಗಾಗಿ "ಕಂಡಿದ್ರೆ ಎಲ್ಲಾ ಸರಿ ಇರ್ತಿತ್ತು" ಅಂತ ಕೊರಗಬೇಡಿ.

ಸರಿ, ಗುರುವಾರದ ಕೆಲಸ. ಕಂಬ ಯಾವ ದಿಕ್ಕಿಗೂ ಮುಖ ಮಾಡಬೇಕಾಗಿಲ್ಲ. ಅದು ಕದಲದೆ ನಿಂತರೆ ಸಾಕು. ದಿಕ್ಕು ಬೇಕಾಗೋದು ಕಂಬದ ತಲೆ ಮೇಲಿನ ಪ್ಲೇಟ್‌ಗೆ, ಬೋಲ್ಟ್‌ಗಳಿಗೆ. ಯಾಕಂದ್ರೆ ಮೌಂಟ್‌ನಲ್ಲಿ ಎಡಬಲ ಹೊಂದಿಸೋ ತಿರುಪು ಕೆಲವೇ ಡಿಗ್ರಿ ತಿರುಗತ್ತೆ. ಪ್ಲೇಟೇ ಇಪ್ಪತ್ತು ಡಿಗ್ರಿ ಸೊಟ್ಟ ಕೂತ್ರೆ ಆಮೇಲೆ ಕಷ್ಟ. ಕಂಬವನ್ನ ಸ್ಲ್ಯಾಬ್‌ನ ನಡುವೆ ನಿಲ್ಲಿಸಬೇಡಿ. ಕೆಳಗಿಂದ ಪಿಲ್ಲರ್ ಬಂದಿರೋ ಜಾಗ, ಇಲ್ಲಾಂದ್ರೆ ಬೀಮ್ ಹಾದುಹೋಗಿರೋ ಜಾಗ ಹುಡುಕಿ. ಸ್ಲ್ಯಾಬ್ ನಡುವೆ ನಿಲ್ಲಿಸಿದ್ರೆ ಅಮ್ಮ ಬಟ್ಟೆ ಒಣಹಾಕೋಕೆ ಬಂದು ನಡೆದಾಡಿದ್ರೂ ಶನಿಯ ಉಂಗುರ ಕುಣಿಯತ್ತೆ. ರೂಮಿನ ಮರದ ನೆಲವೋ, ಟೈಲ್ಸೋ, ಏನು ಹಾಕಿಸಿದ್ರೂ ಅದು ಕಂಬಕ್ಕೆ ತಾಗದಂತೆ ಸುತ್ತ ಒಂದಿಂಚು ಸಂದು ಬಿಡಿಸಿ.

ಕಂಬದ ತಲೆ ಸಣ್ಣಗಿರಲಿ. ಇದನ್ನ ಒತ್ತಿ ಹೇಳ್ತೀನಿ, ಹೊರದೇಶದ ವಿಡಿಯೋಗಳಲ್ಲಿ ಇದು ಬರಲ್ಲ. ನಮ್ಮ ಅಕ್ಷಾಂಶದಲ್ಲಿ ಮೌಂಟ್‌ನ ಅಕ್ಷ ಹೆಚ್ಚುಕಮ್ಮಿ ಮಲಗಿದ ಹಾಗೇ ಇರತ್ತೆ. ಎದುರು ಭಾರ ನೇತುಹಾಕೋ ಕಬ್ಬಿಣದ ದಂಡ ತಿರುಗುವಾಗ ದಪ್ಪ ಕಂಬಕ್ಕೆ ಬಡಿಯತ್ತೆ. ಕೆಲವು ಮೌಂಟ್‌ಗಳಂತೂ 15 ಅಥವಾ 20 ಡಿಗ್ರಿಗಿಂತ ಕೆಳಗೆ ಬಾಗೋದೇ ಇಲ್ಲ. ನಿಮ್ಮ ಮ್ಯಾನುಯಲ್ ತೆಗೆದು ಕನಿಷ್ಠ ಅಕ್ಷಾಂಶ ಎಷ್ಟು ಅಂತ ಇವತ್ತೇ ನೋಡಿ. ಹದಿನಾಲ್ಕೂವರೆ ಆಗಲ್ಲ ಅಂತಿದ್ರೆ, ಪ್ಲೇಟ್ ಅಡಿಗೆ ಇಳಿಜಾರು ತುಂಡು ಕೊಟ್ಟು ವೆಲ್ಡಿಂಗ್ ಮಾಡಿಸಬೇಕಾಗತ್ತೆ. ಇದು ಹವ್ಯಾಸಿಗಳ ಗೋಳು ಮಾತ್ರ ಅಲ್ಲ. ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ಶುರುವಾದ 2.34 ಮೀಟರ್ ವೇಣು ಬಪ್ಪು ದೂರದರ್ಶಕ ಕೂಡ ಈಕ್ವಟೋರಿಯಲ್ಲೇ. ಅಲ್ಲಿನ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ, ಅದರ ಅಕ್ಷವೂ ಅಷ್ಟೇ ಮಲಗಿದೆ. ಬದಲಿಗೆ ಲಾಭ ಏನು ಅಂದ್ರೆ ದಕ್ಷಿಣದ ಆಕಾಶ ಬಹುಪಾಲು ನಮಗೆ ಸಿಗತ್ತೆ. ಲಂಡನ್‌ನವರಿಗೆ ಆ ಭಾಗ್ಯ ಇಲ್ಲ.

ಬೋಲ್ಟ್ ಕೂರಿಸೋಕೆ ಉತ್ತರ ಎಲ್ಲಿ? ಮೊಬೈಲ್ ಕಂಪಾಸ್ ನಂಬಬೇಡಿ. ಕಂಬದಲ್ಲಿ ಕಂಬಿ ಇದೆ, ಸ್ಲ್ಯಾಬಲ್ಲಿ ಕಂಬಿ ಇದೆ, ಕಂಪಾಸ್ ಪಾಪ ಗೊಂದಲಕ್ಕೆ ಬೀಳತ್ತೆ. ಮೇಸ್ತ್ರಿ ಹತ್ರ ತೂಗುಗುಂಡು ಇರತ್ತಲ್ಲ, ಅದನ್ನ ದಾರದಲ್ಲಿ ನೇತುಹಾಕಿ. ಮೊಬೈಲಲ್ಲಿ ಆ ದಿನದ ಸೂರ್ಯೋದಯ, ಸೂರ್ಯಾಸ್ತದ ಸಮಯ ನೋಡಿ. ಎರಡರ ಸರಿ ಮಧ್ಯದ ಹೊತ್ತಿಗೆ ದಾರದ ನೆರಳಿನ ಮೇಲೆ ಗೆರೆ ಎಳೀರಿ. ಅದೇ ನಿಜವಾದ ಉತ್ತರ-ದಕ್ಷಿಣ. ಗಡಿಯಾರದ ಹನ್ನೆರಡು ಗಂಟೆ ಅಲ್ಲ, ಗಮನ ಇರಲಿ: ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ದಾವಣಗೆರೆ ಸುಮಾರು 76ರಲ್ಲಿದೆ. ಹಾಗಾಗಿ ಅಲ್ಲಿ ನಿಜವಾದ ಮಧ್ಯಾಹ್ನ ವರ್ಷದ ದಿನ ನೋಡ್ಕೊಂಡು 12:10ರಿಂದ 12:40ರ ನಡುವೆ ಎಲ್ಲೋ ಬರತ್ತೆ. ಡಿಸೆಂಬರ್‌ನಲ್ಲಿ ಒಂದು ನಿಮಿಷ ಆಚೀಚೆ ಆದ್ರೂ ಗೆರೆ ಅರ್ಧ ಡಿಗ್ರಿಯಷ್ಟೂ ಕೆಡಲ್ಲ. ಏಪ್ರಿಲ್ ಕೊನೆ, ಆಗಸ್ಟ್ ಮಧ್ಯದಲ್ಲಿ ಮಾತ್ರ ಈ ಆಟ ನಡೆಯಲ್ಲ. ಸೂರ್ಯ ನೆತ್ತಿ ಮೇಲೇ ಇರ್ತಾನೆ, ದಾರಕ್ಕೆ ನೆರಳೇ ಇರಲ್ಲ.

ಎತ್ತರಕ್ಕೆ ಮೌಂಟ್‌ನ ಸ್ಕೇಲ್ ಮೇಲೆ ಹದಿನಾಲ್ಕೂವರೆ ಇಡಿ. ಪ್ಲೇಟನ್ನ ರಸಮಟ್ಟ ಇಟ್ಟು ಮಟ್ಟ ಮಾಡಿ. ಮಟ್ಟ ಇಲ್ಲದಿದ್ರೂ ಗುರಿ ಇಡಬಹುದು, ಆದ್ರೆ ಎಡಬಲ ತಿರುಗಿಸಿದಾಗ ಎತ್ತರವೂ ಕೆಡ್ತಾ ಹೋಗತ್ತೆ.

ಇಲ್ಲಿಂದ ಮುಂದೆ ಧ್ರುವ ನಕ್ಷತ್ರದ ಹಂಗಿಲ್ಲ. ಇದಕ್ಕೆ ಡ್ರಿಫ್ಟ್ ವಿಧಾನ ಅಂತಾರೆ. ನಾನು ಬಿ.ಕಾಂ ಓದಿದವನು, ನನಗೆ ಇದು ಬ್ಯಾಂಕ್ ರಿಕನ್ಸಿಲಿಯೇಷನ್ ತರಾನೇ ಕಾಣತ್ತೆ. ವ್ಯತ್ಯಾಸ ಯಾವ ಕಡೆಗೆ ಬರ್ತಿದೆ ನೋಡಿದ್ರೆ ತಪ್ಪು ಎಲ್ಲಿದೆ ಗೊತ್ತಾಗತ್ತೆ, ವ್ಯತ್ಯಾಸ ಸೊನ್ನೆ ಆಗೋವರೆಗೆ ಹೊಂದಿಸ್ತಾ ಹೋಗಬೇಕು.

ಪ್ಲಸ್ ಗೆರೆ ಇರೋ ಐಪೀಸ್ ಹಾಕಿ, ಮೋಟರ್ ಆನ್ ಮಾಡಿ. ಒರಾಯನ್‌ನ ನಡುಪಟ್ಟಿಯಲ್ಲಿ ಸಾಲಾಗಿ ಮೂರು ನಕ್ಷತ್ರ ಇವೆಯಲ್ಲ, ಅದರಲ್ಲಿ ಮೊದಲು ಮೂಡೋ ಮಿಂಟಕಾ ಹೆಚ್ಚುಕಮ್ಮಿ ಆಕಾಶದ ಸಮಭಾಜಕದ ಮೇಲೇ ಇದೆ. ಜನವರಿ ಮಧ್ಯದಲ್ಲಿ ರಾತ್ರಿ ಹತ್ತೂಕಾಲರ ಆಸುಪಾಸು ಅದು ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೆ, ಆಕಾಶದ ನಡುಗೆರೆ ಮೇಲೆ ಇರತ್ತೆ. ಅದನ್ನ ಗೆರೆ ಕೂಡೋ ಜಾಗಕ್ಕೆ ತನ್ನಿ. ಐಪೀಸಲ್ಲಿ ಉತ್ತರ ಯಾವುದು ಅಂತ ಗೊಂದಲ ಆದ್ರೆ ಕೊಳವೆಯನ್ನ ಮೆಲ್ಲಗೆ ಉತ್ತರಕ್ಕೆ ಒತ್ತಿ. ನಕ್ಷತ್ರ ಯಾವ ಅಂಚಿಗೆ ಓಡತ್ತೋ ಅದು ದಕ್ಷಿಣ. ಈಗ ಸುಮ್ನೆ ಕಾಯಿರಿ. ಪೂರ್ವ-ಪಶ್ಚಿಮದ ಅಲ್ಲಾಟ ಲೆಕ್ಕಕ್ಕೆ ಬೇಡ, ಅದು ಮೋಟರ್, ಗೇರ್‌ಗಳ ಕಿತಾಪತಿ. ನಕ್ಷತ್ರ ದಕ್ಷಿಣಕ್ಕೆ ಜಾರಿದ್ರೆ ನಿಮ್ಮ ಅಕ್ಷ ಪೂರ್ವಕ್ಕೆ ವಾಲಿದೆ, ಪಶ್ಚಿಮದ ಕಡೆ ತಿರುಪು ತಿರುಗಿಸಿ. ಉತ್ತರಕ್ಕೆ ಜಾರಿದ್ರೆ ಉಲ್ಟಾ.

ಆಮೇಲೆ ಪೂರ್ವಕ್ಕೆ ತಿರುಗಿ. ಅದೇ ಹೊತ್ತಿಗೆ ಮಖಾ ನಕ್ಷತ್ರ 20 ಡಿಗ್ರಿ ದಾಟಿ ಮೇಲೆ ಬಂದಿರತ್ತೆ. ಅದನ್ನ ಮಧ್ಯಕ್ಕೆ ತಂದು ಮತ್ತೆ ಕಾಯಿರಿ. ಈ ಸಲ ದಕ್ಷಿಣಕ್ಕೆ ಜಾರಿದ್ರೆ ಅಕ್ಷ ತಗ್ಗಾಗಿದೆ, ಎತ್ತಿ. ಉತ್ತರಕ್ಕೆ ಜಾರಿದ್ರೆ ಎತ್ತರ ಜಾಸ್ತಿ ಆಗಿದೆ, ಇಳಿಸಿ. ಇನ್ನೂ ಕೆಳಗಿರೋ ನಕ್ಷತ್ರ ಹಿಡೀಬೇಡಿ, ದಿಗಂತದ ಹತ್ರ ಗಾಳಿಯೇ ಬೆಳಕನ್ನ ಬಗ್ಗಿಸಿ ಸುಳ್ಳು ಹೇಳತ್ತೆ. ಎರಡೂ ನಕ್ಷತ್ರಗಳ ನಡುವೆ ಮೂರ್ನಾಲ್ಕು ಸಲ ಓಡಾಡಬೇಕಾಗತ್ತೆ. ಶುರುವಿನಲ್ಲಿ ಒಂದು ನಿಮಿಷಕ್ಕೇ ಜಾರೋದು ಕಾಣತ್ತೆ, ಆಮೇಲಾಮೇಲೆ ಹೆಚ್ಚು ಹೊತ್ತು ಕಾಯಬೇಕು. ಹತ್ತು ನಿಮಿಷ ಅಲ್ಲಾಡದೆ ನಿಂತರೆ ಸಾಕು, ನಿಲ್ಸಿ.

ಕ್ಯಾಮೆರಾ, ಲ್ಯಾಪ್‌ಟಾಪ್ ಇರೋರಿಗೆ ಶಾರ್ಟ್‌ಕಟ್ ಇದೆ. ಪಿಎಚ್‌ಡಿ 2 ಅನ್ನೋ ಉಚಿತ ಸಾಫ್ಟ್‌ವೇರ್ ಇದೇ ಡ್ರಿಫ್ಟನ್ನ ಗ್ರಾಫ್ ಆಗಿ ತೋರಿಸತ್ತೆ. ನೀನಾ ಅನ್ನೋ ಇನ್ನೊಂದು ಉಚಿತ ಸಾಫ್ಟ್‌ವೇರ್‌ಗೆ ಒಂದು ಪ್ಲಗಿನ್ ಇದೆ. ಅದು ಆಕಾಶದ ಮೂರು ಕಡೆ ಫೋಟೋ ತೆಗೆದು, ನಕ್ಷತ್ರಗಳನ್ನ ಪಟ್ಟಿ ಜೊತೆ ತಾಳೆ ನೋಡಿ, ಗುರಿ ಎಷ್ಟು ತಪ್ಪಿದೆ ಅಂತ ಹೇಳತ್ತೆ. ಧ್ರುವ ಕಾಣಲೇಬೇಕು ಅಂತಿಲ್ಲ. ಆದ್ರೂ ಒಂದು ಸಲ ಕಣ್ಣಲ್ಲೇ ಮಾಡಿ ಅಂತೀನಿ ನಾನು. ಲ್ಯಾಪ್‌ಟಾಪ್ ಕೈಕೊಟ್ಟ ರಾತ್ರಿ ಅದೇ ಉಳಿಸೋದು.

ಕಂಬ ಇರೋರಿಗೆ ಇದು ಪ್ರತಿ ರಾತ್ರಿಯ ಕೆಲಸ ಅಲ್ಲ, ಅದೇ ಮನೆಯಲ್ಲೇ ವೀಕ್ಷಣಾಲಯ ಇರೋದ್ರ ಸುಖ. ತಿರುಪು ಬಿಗಿ ಮಾಡಿದ ಮೇಲೆ ಪೇಂಟಲ್ಲಿ ಗುರುತು ಹಾಕಿಡಿ. ಮಳೆಗಾಲ ಮುಗಿದು ಆಕಾಶ ತೆರೆದಾಗ ಒಂದು ಸಲ ಪರೀಕ್ಷೆ ಮಾಡಿದ್ರೆ ಆಯ್ತು.

ದಾವಣಗೆರೆಯ ಗೆಳೆಯರಿಗೆ ಕೊನೇದಾಗಿ: ಗುರುವಾರ ಮೇಸ್ತ್ರಿಗೆ ಕಂಬದ ಒಳಗೆ ವೈರ್‌ಗೆ ಒಂದು ಪೈಪ್ ಬಿಡೋಕೆ ಹೇಳಿ, ಮರೀಬೇಡಿ. ಬೋಲ್ಟ್‌ಗಳನ್ನ ಅವರು ಮಧ್ಯಾಹ್ನ ಊಟಕ್ಕೆ ಹೋಗೋ ಮುಂಚೆ ಕೂರಿಸೋದು ಬೇಡ, ನೆರಳಿನ ಗೆರೆ ಎಳೆದಾದ ಮೇಲೆ ಕೂರಿಸಲಿ.