ನೀರಿನ ನಡಿಗೆ ಬಿಚ್ಚಿಡುವ ಗುಟ್ಟು

ಮಿದುಳಿನಲ್ಲಿ ಗೆಡ್ಡೆಯೊಂದು ಬೆಳೆದಿದೆಯೆಂದು ತಿಳಿದ ಮೇಲೆ ರೋಗಿಯ ಮನೆಯವರನ್ನು ಕಾಡುವ ಪ್ರಶ್ನೆ ಒಂದೇ: ಅದು ಎಂಥದು? ವರ್ಷಗಟ್ಟಲೆ ಮೆಲ್ಲನೆ ಬೆಳೆಯುವ ಜಾತಿಯೋ, ತಿಂಗಳುಗಳಲ್ಲಿ ಪ್ರಾಣಕ್ಕೆ ಎರವಾಗುವ ಜಾತಿಯೋ? ಇದನ್ನು ನಿಶ್ಚಯಿಸಲು ವೈದ್ಯರಿಗೆ ಬಹುಕಾಲದಿಂದ ಇದ್ದ ದಾರಿಯೆಂದರೆ ತಲೆಬುರುಡೆಯಲ್ಲಿ ರಂಧ್ರ ಕೊರೆದು, ಸೂಜಿಯನ್ನಿಳಿಸಿ, ಗೆಡ್ಡೆಯ ಚೂರೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು. ಸೂಜಿ ಸಾಗುವ ಹಾದಿಯಲ್ಲಿ ರಕ್ತನಾಳವಿರಬಹುದು, ಮಾತನ್ನು ಆಳುವ ಭಾಗವಿರಬಹುದು. ಅಷ್ಟು ಸಾಹಸ ಮಾಡಿದರೂ ಕೈಗೆ ಬರುವುದು ಒಂದು ಮೂಲೆಯ ಚೂರು ಮಾತ್ರ. ಅದೇ ಗೆಡ್ಡೆಯ ಮತ್ತೊಂದು ಮೂಲೆ ಇನ್ನೂ ಘೋರವಾಗಿರಬಾರದೆಂದೇನೂ ಇಲ್ಲ.

ಮುಟ್ಟದೆಯೇ ಗೆಡ್ಡೆಯ ಸ್ವಭಾವವನ್ನು ಅರಿಯಲು ಇಂದು ವೈದ್ಯರು ನೆಚ್ಚುವ ಸಾಕ್ಷಿಗಳಲ್ಲಿ ಒಂದು, ನೀರು.

೧೮೨೭ರಲ್ಲಿ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನನು ಪರಾಗದೊಳಗಿನ ಸೂಕ್ಷ್ಮ ಕಣಗಳು ನೀರಿನಲ್ಲಿ ಎಡೆಬಿಡದೆ ಕುಣಿಯುವುದನ್ನು ಗಮನಿಸಿದನು. ನೀರಿನ ಅಣುಗಳ ತಾಡನವೇ ಈ ಕುಣಿತಕ್ಕೆ ಕಾರಣವೆಂದು ೧೯೦೫ರಲ್ಲಿ ಐನ್‌ಸ್ಟೈನನು ಗಣಿತಮುಖೇನ ವಿವರಿಸಿದನು. ಅಣುಗಳ ಈ ಗೊತ್ತುಗುರಿಯಿಲ್ಲದ ಅಲೆದಾಟವೇ ವಿಸರಣ. ಶರೀರದ ಉಷ್ಣತೆಯಲ್ಲಿ, ಅಡ್ಡಿಯಿಲ್ಲದ ನೀರಿನ ಅಣು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ ಸುಮಾರು ೧೭ ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ೧೭ ಪಾಲು, ಸರಿಯುತ್ತದೆ. ಅನೇಕ ಜೀವಕೋಶಗಳ ಅಗಲವೂ ಹೆಚ್ಚುಕಡಮೆ ಅಷ್ಟೇ! ಹೀಗಾಗಿ ಅಣುವಿಗೆ ಹೆಜ್ಜೆಹೆಜ್ಜೆಗೂ ಕೋಶಗಳ ಗೋಡೆ ಅಡ್ಡಬರುತ್ತದೆ. ತೇರಿನ ದಿನ ರಥಬೀದಿಯಲ್ಲಿ ಸಿಕ್ಕಿಕೊಂಡವನು ಗಳಿಗೆ ಕಳೆದರೂ ನಿಂತಲ್ಲೇ ನಿಂತಿರುತ್ತಾನೆ. ಮರುದಿನ ಅದೇ ಬೀದಿಯಲ್ಲಿ ಸರಾಗವಾಗಿ ನಡೆದು ಹೋಗುತ್ತಾನೆ. ಕೋಶಗಳು ಒತ್ತೊತ್ತಾಗಿ ಕಿಕ್ಕಿರಿದ ಗೆಡ್ಡೆಯಲ್ಲಿ ನೀರಿನ ಪಾಡು ತೇರಿನ ದಿನದ್ದು.

ಈ ನಡಿಗೆಯನ್ನು ಅಳೆಯುವ ಉಪಾಯವನ್ನು ೧೯೬೫ರಲ್ಲಿ ಸ್ಟೇಸ್ಕಲ್ ಮತ್ತು ಟ್ಯಾನರ್ ಎಂಬ ವಿಜ್ಞಾನಿಗಳು ಪ್ರಕಟಿಸಿದ್ದರು. ಬಲವಾದ ಅಯಸ್ಕಾಂತ ಕ್ಷೇತ್ರದಲ್ಲಿ ನೀರಿನ ಹೈಡ್ರೊಜನ್ ಬೀಜಗಳಿಗೆ ಅವು ಇರುವ ಸ್ಥಳಕ್ಕೆ ತಕ್ಕಂತೆ ಒಂದು ಗುರುತು ಹಾಕುವುದು. ಕ್ಷಣಾರ್ಧದ ಬಳಿಕ ಆ ಗುರುತನ್ನು ಅಳಿಸುವುದು. ಕದಲದ ಅಣುವಿನ ಗುರುತು ಪೂರ್ತಿ ಅಳಿದು ಅದರ ಸಂಕೇತ ಉಜ್ವಲವಾಗಿ ಮರಳುತ್ತದೆ. ದೂರ ಸರಿದ ಅಣುವಿನ ಸಂಕೇತ ಮಂಕಾಗುತ್ತದೆ. ಎಷ್ಟು ಮಂಕಾಯಿತೆಂಬುದರಿಂದ ವಿಸರಣಾಂಕವನ್ನು ಲೆಕ್ಕ ಹಾಕಬಹುದು.

ಈ ಉಪಾಯವನ್ನು ರೋಗಿಯ ದೇಹಕ್ಕೆ ಅನ್ವಯಿಸಿದ ಕೀರ್ತಿ ಫ್ರಾನ್ಸಿನ ವೈದ್ಯವಿಜ್ಞಾನಿ ಡೆನಿ ಲೆ ಬಿಹಾನ್ ಅವರದು. ಅವರು ಮೊದಲು ಕೈಹಾಕಿದ್ದು ಯಕೃತ್ತಿಗೆ. ಅಲ್ಲಿನ ನಿರಪಾಯಕರ ರಕ್ತಗಂಟನ್ನೂ ಕ್ಯಾನ್ಸರ್ ಗೆಡ್ಡೆಯನ್ನೂ ಬೇರ್ಪಡಿಸಬಹುದೆಂಬುದು ೧೯೮೪ರ ಸುಮಾರಿಗೆ ಅವರಿಗೆ ಹೊಳೆದ ಊಹೆ. ಆದರೆ ಮೈಕ್ರಾನಿನಲ್ಲಿ ಅಳೆಯಬೇಕಾದ ಚಲನೆಯನ್ನು ಉಸಿರಾಟದ ಏರಿಳಿತ ಹಾಳುಗೆಡವಿತು, ಪ್ರಯೋಗ ವಿಫಲವಾಯಿತು. ಆಗ ಅವರು ಅಲುಗದ ಅಂಗವಾದ ಮಿದುಳಿನತ್ತ ತಿರುಗಿದರು. ಆ ಚಿತ್ರಗಳು ೧೯೮೫ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ ವಿದ್ವಾಂಸರ ಮುಂದೆ ಬಂದವು.

ಮಿದುಳಿನ ಲಿಂಫೋಮದಲ್ಲಿ ಕೋಶಗಳು ಕಿಕ್ಕಿರಿದಿರುವುದರಿಂದ ಅಂಕಿ ಸಾಮಾನ್ಯವಾಗಿ ತೀರ ಕೆಳಗಿಳಿಯುತ್ತದೆ. ಸಾವಧಾನದ ಗ್ಲಯೋಮಗಳಲ್ಲಿ ಮೇಲಿರುತ್ತದೆ. ಈ ಭೇದ ಸಣ್ಣದಲ್ಲ. ಲಿಂಫೋಮಕ್ಕೆ ಮುಖ್ಯ ಚಿಕಿತ್ಸೆ ಔಷಧ, ಕತ್ತರಿಯಲ್ಲ. ಆದರೆ ಅಂಕಿಯೊಂದನ್ನೇ ನಂಬಿದವನು ಮೋಸಹೋದಾನು. ಮಿದುಳಿನಲ್ಲಿ ಕೀವುಗಟ್ಟಿದ ಬಾವೂ ನಡುವೆ ಕೊಳೆತ ಗೆಡ್ಡೆಯೂ ಸಾಮಾನ್ಯ ಎಂ.ಆರ್.ಐ. ಚಿತ್ರದಲ್ಲಿ ಒಂದೇ ತೆರನ ಉಂಗುರದಂತೆ ತೋರುತ್ತವೆ. ಕೀವು ಮಂದವಾದುದರಿಂದ ಅದರಲ್ಲಿ ನೀರು ತೆವಳುತ್ತದೆ. ಗೆಡ್ಡೆಯ ಕೊಳೆತ ನಡುಭಾಗದಲ್ಲಿ ಬಹುಮಟ್ಟಿಗೆ ಸಲೀಸಾಗಿ ಓಡಾಡುತ್ತದೆ. ಇಲ್ಲಿ ವಿಸರಣಾಂಕ ಇವೆರಡನ್ನೂ ಬಿಡಿಸಿ ತೋರಿಸುತ್ತದೆ, ನಿಜ. ಆದರೆ ಕೀವಿನ ಅಂಕಿಯೂ ಲಿಂಫೋಮದ ಅಂಕಿಯೂ ಎರಡೂ ಕಡಮೆಯೇ ಅಲ್ಲವೆ? ಆದಕಾರಣ ನುರಿತ ವೈದ್ಯನು ಜ್ವರವನ್ನು ಕೇಳುತ್ತಾನೆ, ರಕ್ತಪರೀಕ್ಷೆಯನ್ನು ನೋಡುತ್ತಾನೆ, ಉಳಿದ ಚಿತ್ರಗಳನ್ನೆಲ್ಲ ಪಕ್ಕದಲ್ಲಿಟ್ಟುಕೊಳ್ಳುತ್ತಾನೆ.

ಇನ್ನೂ ದೊಡ್ಡ ಆಸೆಯೊಂದಿದೆ. ಔಷಧ ಫಲಿಸಿದರೆ ಕೋಶಗಳು ಸತ್ತು ಗೋಡೆಗಳು ಕುಸಿಯುತ್ತವೆ, ಸೆರೆಯಲ್ಲಿದ್ದ ನೀರು ಬಿಡುಗಡೆಹೊಂದುತ್ತದೆ. ಗೆಡ್ಡೆ ಕುಗ್ಗುವ ಮೊದಲೇ ಅಂಕಿ ಏರುತ್ತದೆ. ಫಲಿಸದ ಔಷಧವನ್ನು ರೋಗಿ ತಿಂಗಳುಗಟ್ಟಲೆ ಸಹಿಸಬೇಕಾಗಿಲ್ಲ! ಮಿದುಳಿನ ಗೆಡ್ಡೆಗಳಲ್ಲಿ ಮೂರನೆಯ ವಾರದಲ್ಲಿಯೇ ಈ ಏರಿಕೆಯನ್ನು ಗುರುತಿಸಬಹುದೆಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತಂಡವು ೨೦೦೫ರಲ್ಲಿ ತೋರಿಸಿತು. ಸ್ತನ ಕ್ಯಾನ್ಸರಿನ ವಿಷಯದಲ್ಲಿ ೨೦೧೮ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಇಷ್ಟು ಉದಾರವಾಗಿರಲಿಲ್ಲ. ಅದರಲ್ಲಿ ಪರಿಶೀಲಿಸಲಾದ ೨೪೨ ಮಹಿಳೆಯರಲ್ಲಿ ಮೂರನೆಯ ವಾರದ ಬದಲಾವಣೆ ಭವಿಷ್ಯವನ್ನು ನುಡಿಯಲಿಲ್ಲ. ಹನ್ನೆರಡನೆಯ ವಾರದ್ದು ಅಲ್ಪಮಟ್ಟಿಗೆ ನುಡಿಯಿತು.

ಅಲ್ಲದೆ ಒಂದು ಯಂತ್ರದ ಅಂಕಿ ಇನ್ನೊಂದು ಯಂತ್ರದ ಅಂಕಿಗೆ ತಾಳೆಯಾಗದಿದ್ದರೆ ಅಳತೆಗೆ ಬೆಲೆಯೇನು? ಇದಕ್ಕೆ ಸಿಕ್ಕ ಪರಿಹಾರ ಎಷ್ಟು ಸರಳವೆಂದರೆ ನಗು ಬರುತ್ತದೆ: ಮಂಜುಗಡ್ಡೆಯ ನಡುವೆ ಇರಿಸಿದ ನೀರಿನ ಕೊಳವೆ. ಸೊನ್ನೆ ಡಿಗ್ರಿಯಲ್ಲಿ ನೀರಿನ ವಿಸರಣಾಂಕ ಸೆಕೆಂಡಿಗೆ ಚದರ ಮಿಲಿಮೀಟರಿನ ಸಾವಿರದಲ್ಲಿ ೧.೧ ಪಾಲು, ಅದು ಎಲ್ಲ ದೇಶದಲ್ಲೂ ಒಂದೇ. ಕೋಟ್ಯಂತರ ರೂಪಾಯಿಯ ಯಂತ್ರದೊಳಗೆ ಈ ಕೊಳವೆಯನ್ನು ಮಲಗಿಸಿ, ಯಂತ್ರ ಆ ಅಂಕಿಯನ್ನು ಹೇಳುತ್ತದೆಯೋ ಇಲ್ಲವೋ ನೋಡುತ್ತಾರೆ.

ಈ ಅಳತೆ ದಿನನಿತ್ಯದ ಬಳಕೆಗೆ ಚೆನ್ನಾಗಿ ಒಗ್ಗಿರುವುದು ಗಂಡಸರ ಪ್ರಾಸ್ಟೇಟ್ ಗ್ರಂಥಿಯಲ್ಲಿ. ಅಲ್ಲಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ೭೦ ಹುಟ್ಟುವುದು ಹೊರವಲಯದಲ್ಲಿ. ಆ ವಲಯಕ್ಕೆ ವಿಸರಣ ಚಿತ್ರವೇ ಮುಖ್ಯ ಆಧಾರವೆಂದು ೨೦೧೫ರ ಅಂತರರಾಷ್ಟ್ರೀಯ ಸೂತ್ರಗಳು ವಿಧಿಸಿದವು. ಅಲ್ಲಿಯೂ ಸೂಜಿ ತಪ್ಪಿಲ್ಲ. ಹಿಂದೆ ಗ್ರಂಥಿಯ ಉದ್ದಗಲಕ್ಕೂ ಅಂದಾಜಿನ ಮೇಲೆ ಚುಚ್ಚುತ್ತಿದ್ದ ವೈದ್ಯರು ಈಗ ಚಿತ್ರದಲ್ಲಿ ನೀರು ತಡೆದು ನಿಂತ ತಾಣವನ್ನು ಮೊದಲು ನೋಡಿಕೊಂಡು, ಸೂಜಿಯನ್ನು ಅಲ್ಲಿಗೂ ಗುರಿಯಿಡುತ್ತಾರೆ.