ಕಾವಿಗೊಂದು ಮರ, ಕಾಯಿಗೊಂದು ಮರ

ಚಳಿಗಾಲದ ಬೆಳಗಿನಲ್ಲಿ ಸೊರಬ ತಾಲ್ಲೂಕಿನ ಆನವಟ್ಟಿ ಸೀಮೆಯ ಕಾಡಂಚಿಗೆ ಹೋದರೆ ನೆಲದಲ್ಲಿ ತಾರೆಕಾಯಿ ಬಿದ್ದಿರುತ್ತವೆ. ಬೂದು ಮಖಮಲ್ಲು ಹೊದ್ದಂಥ ಉರುಟು ಕಾಯಿ. ಒಗರು ಸಿಪ್ಪೆ ತೆಗೆದು, ಓಟೆಯನ್ನು ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಗುದ್ದಬೇಕು. ಏಟು ಓರೆಯಾದರೆ ಓಟೆ ಹಾರಿಹೋಗುತ್ತದೆ, ಜೋರಾದರೆ ತಿರುಳು ಪುಡಿಯಾಗುತ್ತದೆ. ಹದವಾಗಿ ಬಿದ್ದರೆ ಬಾದಾಮಿಯಂಥ ಪುಟ್ಟ ತಿರುಳು ಸಿಗುತ್ತದೆ. ದನ ಕಾಯುವ ಹುಡುಗರ ತಿಂಡಿ ಇದು. ಆದರೆ ಹೆಚ್ಚು ತಿಂದರೆ ಅಮಲು ಬಂದು ತಲೆ ಸುತ್ತುತ್ತದೆ.

ಅಮೆರಿಕದ ಹಿಕರಿ ಮರಕ್ಕೆ ಎರಡು ಕಾರಣಕ್ಕೆ ಹೆಸರು: ಕೊಡಲಿ ಕಾವಿಗೆ ಒದಗುವ ಗಟ್ಟಿ ಕಟ್ಟಿಗೆ, ತಿನ್ನಲು ರುಚಿಯಾದ ಬೀಜ. ನಮ್ಮಲ್ಲಿ ಆ ಎರಡು ಕೆಲಸವನ್ನು ಒಂದೇ ಬಳಗದ ಐದು ಮರಗಳು ಹಂಚಿಕೊಂಡಿವೆ: ಮತ್ತಿ, ಹುಣಾಲು, ದಿಂಡಗ, ತಾರೆ, ಅಳಲೆ. ಮೊದಲ ಮೂರರಿಂದ ನಮಗೆ ಕಟ್ಟಿಗೆ, ಉಳಿದೆರಡರಿಂದ ಕಾಯಿ. ಮತ್ತಿ, ತಾರೆಗಳ ಕುಲದ ಹೆಸರು ಟರ್ಮಿನೇಲಿಯ. ಲ್ಯಾಟಿನ್‌ನಲ್ಲಿ ‘ತುದಿ’ ಎಂಬರ್ಥದ ಪದದಿಂದ ಬಂದದ್ದು. ಎಲೆಗಳು ರೆಂಬೆಯ ತುದಿಯಲ್ಲಿ ಗುಂಪಾಗುವುದೇ ಅದಕ್ಕೆ ಕಾರಣ. ದಿಂಡಗವನ್ನೂ ಇದೇ ಕುಲಕ್ಕೆ ಸೇರಿಸಬೇಕೆಂದು ಸಸ್ಯವಿಜ್ಞಾನಿಗಳು 2017ರಲ್ಲಿ ಪ್ರತಿಪಾದಿಸಿದರು.

ತೊಗಟೆ ನೋಡಿ ಗುರುತಿಸಿ

ಮತ್ತಿ, ಅಂದರೆ ಕರಿಮತ್ತಿಯನ್ನು ದೂರದಿಂದಲೇ ಹೇಳಬಹುದು. ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಬಿರಿದ ಕಪ್ಪು ತೊಗಟೆ. ದಪ್ಪ ತೊಗಟೆಯಿಂದಾಗಿ ಕಾಡುಬೆಂಕಿಯನ್ನೂ ತಾಳಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕೆಲವು ಮರಗಳ ಕಾಂಡದಲ್ಲಿ ನೀರು ಸಂಗ್ರಹವಾಗಿರುತ್ತದೆ. ಕಾಯಿಗೆ ಐದು ರೆಕ್ಕೆ. ತೊಲೆ, ಜಂತೆ, ಬಾಗಿಲವಾಡಕ್ಕೆ ಬಡಗಿಗಳು ನೆಚ್ಚಿದ ಮರವಿದು. ಹುಣಾಲಿನ ಕಾಯಿಗೆ ಮೂರು ರೆಕ್ಕೆ, ಅದರಲ್ಲಿ ಒಂದು ದೊಡ್ಡದು. ಮಳೆ ಮುಗಿದ ಮೇಲೆ ಕಾಯಿ ತುಂಬಿ ಇಡೀ ಮರ ತುಕ್ಕುಗೆಂಪಾದಾಗ ಯಾರನ್ನೂ ಕೇಳಬೇಕಿಲ್ಲ.

ಒಣಕಾಡಿನ ಕಡೆ ಹೋದಂತೆ ದಿಂಡಗ ಕಾಣುತ್ತದೆ. ನುಣುಪಾದ ಬೂದುಬಿಳಿ ತೊಗಟೆ ತೆಳ್ಳಗೆ ಹಕ್ಕಳೆಯೆದ್ದು, ಬಿದ್ದಲ್ಲಿ ಅಂಗೈಯಗಲದ ಮಚ್ಚೆ ಬಿಟ್ಟಿರುತ್ತದೆ. ನಮ್ಮ ಹಿಕರಿ ಎನ್ನಬೇಕಾದದ್ದು ಇದನ್ನೇ. ಕಟ್ಟಿಗೆ ಗಟ್ಟಿ ಮಾತ್ರವಲ್ಲ, ಬಾಗಿ ಮತ್ತೆ ನೆಟ್ಟಗಾಗುವ ಗುಣವೂ ಅದಕ್ಕಿದೆ. ಕೊಡಲಿಯ ಪೆಟ್ಟು ಕೈಗೆ ಬಡಿಯದಿರಲು ಕಾವಿಗೆ ಬೇಕಾದದ್ದೂ ಈ ಗುಣವೇ. ಗಾಡಿಯ ಅಚ್ಚಿಗೂ ಇದೇ ಮರ ಒದಗುತ್ತಿತ್ತು.

ಕಾಯಿಗಾಗಿ ಉಳಿದವು

ತಾರೆ ಎತ್ತರದ ಮರ; ಅಗಲ ಎಲೆ, ಉದ್ದ ತೊಟ್ಟು. ಕಟ್ಟಿಗೆಗೆ ಬೇಗ ಹುಳು ಹಿಡಿಯುತ್ತದೆ, ಮನೆಕೆಲಸಕ್ಕೆ ಬಾಳದು. ಅದರ ಬೆಲೆಯೆಲ್ಲ ಕಾಯಿಯಲ್ಲಿ. ವೇದಕಾಲದ ಜೂಜಿನಲ್ಲಿ ದಾಳವಾಗಿದ್ದದ್ದು ಇದೇ ಕಾಯಿ; ಸಂಸ್ಕೃತದಲ್ಲಿ ಇದರ ಹೆಸರು ವಿಭೀತಕ. ನೆಲ್ಲಿ, ಅಳಲೆಯ ಜೊತೆ ಸೇರಿದರೆ ತ್ರಿಫಲಾ. ಅಳಲೆಕಾಯಿ ಉದ್ದುದ್ದ, ಒಣಗಿದಾಗ ಐದು ಏಣು ಎದ್ದು ಕಾಣುತ್ತವೆ. ಅದರ ಒಗರಿನಲ್ಲಿರುವ ಟ್ಯಾನಿನ್ ಚರ್ಮ ಹದ ಮಾಡುತ್ತದೆ, ಬಟ್ಟೆಗೆ ಬಣ್ಣ ಕಚ್ಚಿಸುತ್ತದೆ. ಕಬ್ಬಿಣದ ಲವಣವಾದ ಅನ್ನಭೇದಿ ಬೆರೆಸಿದರೆ ಕಪ್ಪು ಶಾಯಿಯಾಗುತ್ತದೆ. ಅಜ್ಜಿಯರು ತೇಯುವ ಕಲ್ಲಿನ ಮೇಲೆ ಅಳಲೆ ತೇಯ್ದ ವಾಸನೆ ಅನೇಕರಿಗೆ ಬಾಲ್ಯದ ನೆನಪು.

ಸೊರಬ ಸೀಮೆಗೆ ಕಾಡನ್ನು ಹೆಸರಿಟ್ಟು ಕಾಯ್ದುಕೊಂಡ ಹಿನ್ನೆಲೆಯಿದೆ. ಹಾಗೆ ಕಾಯ್ದ ಕಾಡುಗಳೇ ಕಾನುಗಳು. ಅವುಗಳ ಬಗ್ಗೆ ಬ್ರಿಟಿಷರ ಕಾಲದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ವರದಿ ಬರೆದಾಗ ತಾಲ್ಲೂಕಿನಲ್ಲಿ 171 ಕಾನುಗಳ ಲೆಕ್ಕ ಸಿಕ್ಕಿತ್ತು. ನಿತ್ಯಹಸಿರಿನ ಆ ಕಾನುಗಳಾಚೆ ಎಲೆಯುದುರುವ ಕಾಡಿನಲ್ಲಿ ನಮ್ಮ ಈ ಐವರ ಬಳಗ ಹಬ್ಬಿದೆ. ಹೆಸರು ಮರೆತರೆ ಎಲ್ಲ ಮರವೂ ಬರೀ ಸೌದೆಯಾಗುತ್ತದೆ. ತಾರೆ ಯಾವುದೆಂದು ಬಲ್ಲವನು ಅದನ್ನು ಹಲಗೆಗೆಂದು ಕಡಿಯಲಾರ. ದಿಂಡಗ ಬಲ್ಲವನಿಗೆ ಒಂದು ಕಾವಿಗೆ ಒಂದು ಕೊಂಬೆ ಸಾಕು. ಮರದ ಗುರುತನ್ನು ಮಕ್ಕಳಿಗೆ ದಾಟಿಸಬೇಕಾದದ್ದು ಇದಕ್ಕಾಗಿ.

ಈ ಸಲ ಮಕ್ಕಳನ್ನು ಕರೆದುಕೊಂಡು ತಾರೆಯ ಬುಡಕ್ಕೆ ಹೋಗಿ. ಬಿದ್ದ ಕಾಯಿಗಳಲ್ಲಿ ಒಂದೆರಡನ್ನು ಒಡೆದು ತಿರುಳು ತೋರಿಸಿ, ಉಳಿದದ್ದನ್ನು ಅಲ್ಲೇ ಬಿಡಿ. ಕಲ್ಲೇಟು ತಪ್ಪಿಸಿಕೊಂಡ ಓಟೆಗೆ ಮಳೆಗಾಲದಲ್ಲಿ ಮೊಳೆಯುವ ಕೆಲಸವಿದೆ.